ಯೋಧನ ಪಾತ್ರ ಕಟ್ಟುವುದು ಹೇಗೆ? ಮೊದಲು ಎಲ್ಲಿ ಬೀಳುತ್ತಾನೆ ನೋಡಿ

ಇಂದಿರಾನಗರ, ಕೋರಮಂಗಲದ ಬೋರ್ಡ್‌ಗೇಮ್ ಕೆಫೆಗಳಲ್ಲಿ ಪಾತ್ರವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಹೊಸದಾಗಿ ಕೂತವರು ಹೆಚ್ಚಾಗಿ ಯೋಧನ ಪಾತ್ರವನ್ನೇ ಎತ್ತಿಕೊಳ್ಳುತ್ತಾರೆ. ಮಂತ್ರಗಳ ಪಟ್ಟಿ ಓದುವ ಗೋಜಿಲ್ಲ, ಕತ್ತಿ ಬೀಸಿದರಾಯಿತು ಅನ್ನುವ ಲೆಕ್ಕ. ಕೊನೆಗೆ ಆ ಕತ್ತಿವೀರ ಮಾಂತ್ರಿಕನೊಬ್ಬನ ಒಂದೇ ಮಂತ್ರಕ್ಕೆ ಕೈಕಾಲು ಆಡದೆ ನಿಲ್ಲುತ್ತಾನೆ, ಆಟಗಾರ ಅರ್ಧ ಗಂಟೆ ಫೋನ್ ತೀಡುತ್ತಾ ಕೂರುತ್ತಾನೆ. ಪಾತ್ರ ಕಟ್ಟುವಾಗಲೇ ಇದನ್ನು ತಪ್ಪಿಸಬಹುದು. ಕೆಳಗಿನ ಲೆಕ್ಕವೆಲ್ಲ ಐದನೇ ಆವೃತ್ತಿಯ 2014ರ ನಿಯಮಗಳದ್ದು. 2024ರ ಪರಿಷ್ಕರಣೆಯಲ್ಲಿ ಬದಲಾದದ್ದರಲ್ಲಿ ಕೆಲವನ್ನು ಅಲ್ಲಲ್ಲೇ ಹೇಳಿದೆ.

ಹಂತ 1: ಆಟ ನಡೆಸುವ ಡಿಎಂಗೆ (ಡಂಜನ್ ಮಾಸ್ಟರ್) ಮೂರು ಪ್ರಶ್ನೆ

ಯಾವ ವರ್ಷದ ನಿಯಮ? ಯಾವ ಲೆವೆಲ್‌ನಿಂದ ಶುರು? ಎರಡು ಲಾಂಗ್ ರೆಸ್ಟ್‌ಗಳ (ಪಾತ್ರಗಳ ರಾತ್ರಿಯ ದೀರ್ಘ ವಿಶ್ರಾಂತಿ) ನಡುವೆ ಎಷ್ಟು ಕಾಳಗ? ಮೂರನೆಯದನ್ನು ಯಾರೂ ಕೇಳುವುದಿಲ್ಲ, ಕ್ಲಾಸ್ (ಯೋಧನ ಬಗೆ) ಆಯ್ಕೆ ನಿಂತಿರುವುದೇ ಅದರ ಮೇಲೆ. ಡಿಎಂಗಳ ಕೈಪಿಡಿ ಆಟದೊಳಗಿನ ಒಂದು ದಿನಕ್ಕೆ ಆರರಿಂದ ಎಂಟು ಮುಖಾಮುಖಿ, ನಡುವೆ ಎರಡು ಷಾರ್ಟ್ ರೆಸ್ಟ್ (ಕಿರು ವಿಶ್ರಾಂತಿ) ಎಂದು ಅಂದಾಜಿಸಿದೆ. ನಮ್ಮಲ್ಲಿ ಆರಕ್ಕೆ ಅಂದ ಆಟಕ್ಕೆ ಸಿಲ್ಕ್ ಬೋರ್ಡ್ ದಾಟಿ ಎಲ್ಲರೂ ಸೇರುವಾಗ ಏಳಾಗಿರುತ್ತದೆ. ಕೆಫೆ ಮುಚ್ಚುವುದರೊಳಗೆ ಒಂದು, ಹೆಚ್ಚೆಂದರೆ ಎರಡು ಕಾಳಗ. ‘ಅತ್ಯುತ್ತಮ ಕ್ಲಾಸ್’ ಪಟ್ಟಿಗಳನ್ನು ನೋಡಿ ಆರಿಸಿಕೊಂಡವರು ಎಡವುವುದು ಇಲ್ಲೇ.

ಹಂತ 2: ಕ್ಲಾಸ್

ಒಂದೇ ಸಂಜೆಯ ಆಟ, ಒಂದೆರಡೇ ಕಾಳಗ ಅಂದರೆ ಕಣ್ಣುಮುಚ್ಚಿ ಪ್ಯಾಲಡಿನ್ (ಮಂತ್ರಬಲವೂ ಇರುವ ಯೋಧ) ತೆಗೆದುಕೊಳ್ಳಿ. ಏಟು ತಗುಲಿದ ಮೇಲೆ ಸ್ಲಾಟ್ (ಎಣಿಸಿ ಕೊಟ್ಟ ಮಂತ್ರಶಕ್ತಿಯ ಪಾಲು) ಖರ್ಚು ಮಾಡಿ ಸ್ಮೈಟ್ ಅನ್ನುವ ಹೆಚ್ಚುವರಿ ಹಾನಿ ಸೇರಿಸಬಹುದು: ಮೊದಲ ದರ್ಜೆಯ ಸ್ಲಾಟ್‌ಗೆ 2ಡಿ8 (ಎಂಟು ಮುಖದ ಎರಡು ದಾಳದ ಮೊತ್ತ), ಎರಡನೆಯದಕ್ಕೆ 3ಡಿ8. ಐದನೇ ಲೆವೆಲ್‌ನಲ್ಲಿ ಒಂದೇ ಸರದಿಯ ಎರಡೂ ಏಟಿಗೆ 3ಡಿ8 ಸುರಿದರೆ ಸರಾಸರಿ 27 ಅಂಕ ಹೆಚ್ಚುವರಿ ಹಾನಿ. 2024ರ ನಿಯಮದಲ್ಲಿ ಇದಕ್ಕೆ ಸರದಿಗೆ ಒಮ್ಮೆ ಮಾತ್ರ ಸಿಗುವ ಬೋನಸ್ ಆಕ್ಷನ್ ಬೇಕು, ಹಾಗಾಗಿ ಸ್ಮೈಟೂ ಸರದಿಗೆ ಒಂದೇ. ಸ್ಲಾಟ್ ಮರಳಿ ಬರುವುದು ಲಾಂಗ್ ರೆಸ್ಟ್ ಆದಮೇಲೆಯೇ. ಮೊದಲ ಪಂಕ್ತಿಗೇ ಎಲ್ಲ ಬಡಿಸಿ ಎರಡನೆಯದಕ್ಕೆ ಖಾಲಿ ಸೌಟು ಹಿಡಿದು ನಿಂತ ಹಾಗಾಗುತ್ತದೆ, ಕಾಳಗ ಮೂರು ನಾಲ್ಕಾದರೆ. ದೂರದ ಶತ್ರುವಿನ ಮುಂದೆಯೂ ಪ್ಯಾಲಡಿನ್ ಸಪ್ಪೆ.

ತಿಂಗಳುಗಟ್ಟಲೆ ನಡೆಯುವ ಕಥೆ, ಉದ್ದದ ಗುಹೆ, ಷಾರ್ಟ್ ರೆಸ್ಟ್ ಕೊಡುವ ಡಿಎಂ ಇದ್ದರೆ ಫೈಟರ್. ಜೀವ ಮರಳಿಸುವ ಸೆಕೆಂಡ್ ವಿಂಡ್, ಒಂದೇ ಸರದಿಯಲ್ಲಿ ಇನ್ನೊಂದು ಆಕ್ಷನ್ ಕೊಡುವ ಆಕ್ಷನ್ ಸರ್ಜ್ ಎರಡೂ ಷಾರ್ಟ್ ರೆಸ್ಟ್‌ಗೇ ಮರಳುತ್ತವೆ. ಕಾಳಗ ಮುಗಿದ ಮೇಲೆ ಮಾತ್ರ ಮಾಡಲು ಕೆಲಸವಿರುವುದಿಲ್ಲ. ಆದ್ದರಿಂದ ಹಿನ್ನೆಲೆ ಆರಿಸುವಾಗ ಸೈನಿಕ ಬೇಡ, ಮಾತಿನ ಅಥವಾ ಕಳ್ಳಗೈಯ ಕೌಶಲ ಕೊಡುವುದನ್ನು ಹಿಡಿಯಿರಿ.

ಬಾರ್ಬೇರಿಯನ್‌ಗೆ ಡಿ12 ಎಚ್‌ಪಿ, ಅಂದರೆ ಜೀವದ ಅಂಕ ಹನ್ನೆರಡು ಮುಖದ ದಾಳದ ಲೆಕ್ಕದಲ್ಲಿ. ರೇಜ್ ಅನ್ನುವ ರೋಷದಲ್ಲಿದ್ದಾಗ ಕಡಿತ, ತಿವಿತ, ಜಜ್ಜಿನ ಹಾನಿ ಅರ್ಧಕ್ಕಿಳಿಯುತ್ತದೆ. ಬೆಂಕಿ, ಮಿಂಚು, ವಿಷದಂಥವು ಮಾತ್ರ ಪೂರ್ತಿ ತಟ್ಟುತ್ತವೆ. ಎಡವಟ್ಟಾಗುವುದು ಎರಡು ಕಡೆ. ಒಂದು, ಬರಿಮೈಯಲ್ಲಿ ಓಡಾಡುವ ಹುಚ್ಚು. ಡೆಕ್ಸ್ (ಚುರುಕು) +2, ಕಾನ್ (ದೇಹದಾರ್ಢ್ಯ) +2 ಇದ್ದರೂ ಎಸಿ, ಅಂದರೆ ಏಟು ತಗುಲಲು ಶತ್ರು ಮುಟ್ಟಬೇಕಾದ ಅಂಕ, 14 ಅಷ್ಟೆ. 50 ಚಿನ್ನದ ನಾಣ್ಯದ ಸ್ಕೇಲ್ ಮೇಲ್ ಕವಚ ತೊಟ್ಟರೆ 16, ರೇಜ್‌ಗೆ ಅಡ್ಡಿಯೂ ಇಲ್ಲ. ರೇಜ್ ಕೆಲಸ ಮಾಡದಿರುವುದು ಭಾರದ ಕವಚದಲ್ಲಿ ಮಾತ್ರ. ಇನ್ನೊಂದು, ಶತ್ರು ಹಾರಿಹೋದಾಗ ಸುಮ್ಮನೆ ನಿಲ್ಲುವುದು. ಹಿಂದಿನ ಸರದಿಯಿಂದೀಚೆಗೆ ನೀವು ದಾಳಿಯನ್ನೂ ಮಾಡಿಲ್ಲ, ಏಟನ್ನೂ ತಿಂದಿಲ್ಲ ಅಂದರೆ ರೇಜ್ ಇಳಿದುಹೋಗುತ್ತದೆ. ಜಾವಲಿನ್ ಎಸೆದರೆ ಸಾಕು, ತಗುಲದಿದ್ದರೂ ದಾಳಿ ದಾಳಿಯೇ.

ಮಾಂಕ್ ಚುರುಕು, ಆದರೆ ಅವನ ವಿಶೇಷ ಶಕ್ತಿಯಾದ ಕೀ ಮರಳಲು ಷಾರ್ಟ್ ರೆಸ್ಟ್ ಬೇಕು, ಎಚ್‌ಪಿ ಡಿ8. ರೇಂಜರ್ ಬಿಲ್ಲಿಗೆ ಸರಿ, ಮೊದಲ ಆಟಕ್ಕೆ ಬೇಡ.

ಹಂತ 3: ಅಂಕ ಹಂಚಿಕೆ

ಹತ್ತರಲ್ಲಿ ಒಂಬತ್ತು ಪಾತ್ರದ ಶೀಟ್ ಕೆಡುವುದು ಇಲ್ಲಿ. ಆರು ಗುಣಗಳಿಗೆ ಹಂಚಲು ಕೈಯಲ್ಲಿರುವುದು 15, 14, 13, 12, 10, 8. ಫೈಟರ್ ಮಾಡುವವರು 15 ಸ್ಟ್ರೆಂತ್‌ಗೆ, 14 ಕಾನ್‌ಗೆ ಹಾಕುವವರೆಗೆ ಸರಿಯಾಗಿಯೇ ಇರುತ್ತಾರೆ. ಆಮೇಲೆ ‘ಯೋಧನಿಗೆ ಬುದ್ಧಿ ಯಾಕೆ’ ಅಂತ ವಿಸ್ಡಮ್‌ಗೆ 8 ತಳ್ಳುತ್ತಾರೆ. ಬುದ್ಧಿಯ ಅಂಕ ಇಂಟೆಲಿಜೆನ್ಸ್. ಅದಕ್ಕೆ 8 ಹಾಕಿ, ಅದರ ಮೇಲೆ ಸೇವ್ (ಪಾರಾಗಲು ಉರುಳಿಸುವ ದಾಳ) ಕೇಳುವ ಶತ್ರುಗಳು ವಿರಳ. ವಿಸ್ಡಮ್ ಮನೋಬಲದ ಅಂಕ. ಹೆದರಿಸುವ, ಮರುಳುಮಾಡುವ, ಸ್ತಂಭನ ಮಾಡುವ ಮಂತ್ರಗಳಲ್ಲಿ ಹೆಚ್ಚಿನವು ಬಂದು ಬೀಳುವುದು ಇದರ ಮೇಲೆ.

ಸ್ತಂಭನ ಮಾಡುವ ಹೋಲ್ಡ್ ಪರ್ಸನ್ ಮಂತ್ರವನ್ನೇ ನೋಡಿ. ಮೂರನೇ ಲೆವೆಲ್‌ನ ಮಾಂತ್ರಿಕನಿಗೂ ಅದು ಸಿಗುತ್ತದೆ. ಸೇವ್ 13, ಅಂದರೆ ಪಾರಾಗಲು ಬೇಕಾದ ಅಂಕ 13 ಅಂತಿಟ್ಟುಕೊಳ್ಳಿ. ವಿಸ್ಡಮ್ 8 ಇದ್ದರೆ –1, ಅಂದರೆ ಇಪ್ಪತ್ತು ಮುಖದ ದಾಳವಾದ ಡಿ20ಯಲ್ಲಿ 14 ಬೀಳಬೇಕು. ಪಾರಾಗುವ ಸಾಧ್ಯತೆ ಶೇ 35. ವಿಸ್ಡಮ್ 12 ಇದ್ದರೆ ಶೇ 45. ಅದೇ 12 ಇರುವ ಪ್ಯಾಲಡಿನ್‌ಗೆ ವಿಸ್ಡಮ್ ಸೇವ್‌ನಲ್ಲಿ ಪರಿಣತಿಯೂ ಇರುವುದರಿಂದ ಶೇ 55. ಸಿಕ್ಕಿಬಿದ್ದರೆ ಸರದಿ ಹೋಗುವುದಷ್ಟೇ ಅಲ್ಲ, ಐದು ಅಡಿಯೊಳಗಿಂದ ತಗುಲಿದ ಪ್ರತಿ ಏಟೂ ಕ್ರಿಟಿಕಲ್, ಅಂದರೆ ಹಾನಿಯ ದಾಳ ಎರಡರಷ್ಟು.

ಆದ್ದರಿಂದ ಹೀಗೆ ಹಂಚಿ: ಸ್ಟ್ರೆಂತ್ 15, ಕಾನ್ 14, ವಿಸ್ಡಮ್ 13, ಡೆಕ್ಸ್ 12, ಕರಿಸ್ಮಾ 10, ಇಂಟೆಲಿಜೆನ್ಸ್ 8. ವಿಸ್ಡಮ್‌ಗೆ 13 ಯಾಕೆಂದರೆ, ಆರನೇ ಲೆವೆಲ್‌ನಲ್ಲಿ ಫೈಟರ್‌ಗೆ ಇನ್ನೊಂದು ಫೀಟ್ (ವಿಶೇಷ ಸಾಮರ್ಥ್ಯ) ಸಿಕ್ಕಾಗ ರೆಸಿಲಿಯೆಂಟ್ ತೆಗೆದುಕೊಂಡರೆ ಅದು 14 ಆಗುತ್ತದೆ, ಸೇವ್‌ಗೆ ಪರಿಣತಿಯೂ ಸೇರಿ +5. ಸೇವ್ 15ರ ಎದುರು ವಿಸ್ಡಮ್ 8 ಇಟ್ಟಿದ್ದರೆ ಶೇ 25 ಇರುತ್ತಿದ್ದ ಸಾಧ್ಯತೆ ಶೇ 55ಕ್ಕೆ ಏರುತ್ತದೆ. ಕುಲದ ಬೋನಸ್ ಹಾಕುವಾಗ ಈ 13 ಬೆಸವಾಗಿಯೇ ಉಳಿಯಲಿ. ಬಾರ್ಬೇರಿಯನ್‌ಗಾದರೆ ಡೆಕ್ಸ್ 13, ವಿಸ್ಡಮ್ 12. ಪ್ಯಾಲಡಿನ್‌ಗೆ ಸ್ಟ್ರೆಂತ್ ಆದಮೇಲೆ ಕರಿಸ್ಮಾ. ಆರನೇ ಲೆವೆಲ್‌ನಿಂದ ಹತ್ತಡಿಯೊಳಗಿನ ಗೆಳೆಯರೆಲ್ಲರ ಸೇವ್‌ಗೂ ಅದು ಕೂಡುತ್ತದೆ. ಶೀಟನ್ನು ತಾನೇ ತುಂಬಿಕೊಡುವ ಆ್ಯಪ್‌ಗಳನ್ನು ನಂಬಿದರೆ ಈ ಲೆಕ್ಕ ಕೈಗೆ ಬರುವುದಿಲ್ಲ. ಮೊದಲ ಶೀಟನ್ನಾದರೂ ಪೆನ್ಸಿಲ್‌ನಲ್ಲಿ ಬರೆಯಿರಿ.

ಹಂತ 4: ಆಯುಧ

ಗ್ರೇಟ್‌ಸ್ವೋರ್ಡ್ ಹಿಡಿದವರೆಲ್ಲ ಗ್ರೇಟ್ ವೆಪನ್ ಮಾಸ್ಟರ್ ಫೀಟ್ ತೆಗೆದುಕೊಂಡು, ಎದುರಿಗೆ ಯಾರೇ ಇರಲಿ ಗುರಿಯಲ್ಲಿ ಐದು ಕಳೆದು ಹಾನಿಗೆ ಹತ್ತು ಸೇರಿಸುತ್ತಾರೆ. ಐದನೇ ಲೆವೆಲ್, ಸ್ಟ್ರೆಂತ್ 18, ದಾಳಿಗೆ +7 ಅಂತಿಟ್ಟುಕೊಳ್ಳಿ. ಎಸಿ 15ರ ಶತ್ರುವಿಗೆ ಮಾಮೂಲಿ ಏಟಿನ ಸರಾಸರಿ 7.15, ಫೀಟ್ ಬಳಸಿದರೆ 8.4. ಎಸಿ 18 ಆದಾಗ 5.5ರ ಜಾಗದಲ್ಲಿ 5.25. ಅಂದರೆ 17ರವರೆಗೆ ಲಾಭ, ಅಲ್ಲಿಂದಾಚೆ ನಷ್ಟ. ರೆಕ್ಲೆಸ್ ಅಟ್ಯಾಕ್‌ನಿಂದ ಎರಡು ಡಿ20 ಉರುಳಿಸಿ ದೊಡ್ಡದನ್ನು ಹಿಡಿಯುವ ಬಾರ್ಬೇರಿಯನ್‌ಗೆ 18ರಲ್ಲೂ ಲಾಭವೇ, ಆದರೆ ಅವನ ಮೇಲೆ ಬೀಳುವವರಿಗೂ ಎರಡು ಡಿ20 ಸಿಗುತ್ತದೆ. 2024ರಲ್ಲಿ ಈ ಐದು–ಹತ್ತರ ಆಟ ಹೋಗಿದೆ.

ಹಂತ 5: ಉಳಿದ ಸಾಮಾನು

ಚೈನ್ ಮೇಲ್ ಕವಚಕ್ಕೆ ಸ್ಟ್ರೆಂತ್ 13 ಇಲ್ಲದಿದ್ದರೆ ನಡಿಗೆ ಹತ್ತಡಿ ಕಡಿಮೆ. ಯಾವ ಕ್ಲಾಸ್ ಆದರೂ ನಾಲ್ಕು ಜಾವಲಿನ್ ಇರಲಿ: 30 ಅಡಿವರೆಗೆ ಸಲೀಸು, 120ರವರೆಗೆ ಕಷ್ಟದಲ್ಲಿ. ದಾಳಗಳಲ್ಲಿ ಒಳಗೆ ಗುಳ್ಳೆ ಕಾಣುವ ಅಗ್ಗದ ಪಾರದರ್ಶಕ ಸೆಟ್ ಬೇಡ. ಅನುಮಾನವಿದ್ದರೆ ಲೋಟದ ನೀರಿಗೆ ದಾಳ ತೇಲುವಷ್ಟು ಉಪ್ಪು ಕಲಸಿ ತಿರುಗಿಸಿ ನೋಡಿ. ಪ್ರತಿ ಸಲ ಒಂದೇ ಮುಖ ಮೇಲೆ ಬಂದರೆ ಅದನ್ನು ಎಚ್‌ಪಿ ಎಣಿಸಲು ಇಟ್ಟುಕೊಳ್ಳಿ.