ಆರ್‌ಸಿ ಇಲ್ಲದ ದೋಣಿ ಟ್ರೈಲರ್ ತಗೊಂಡಿರಾ? ಹೆಸರಿಗೆ ಮಾಡಿಸಿಕೊಳ್ಳುವ ದಾರಿ

ಮಲ್ಪೆ ಹತ್ತಿರ ಒಬ್ಬರ ಮನೆ ಹಿತ್ತಲಲ್ಲಿ ಒಂದು ದೋಣಿ ಟ್ರೈಲರ್ ಇತ್ತು. ಎರಡು ಚಕ್ರ, ಮುಂದೆ ಕೈಯಲ್ಲಿ ತಿರುಗಿಸುವ ವಿಂಚ್, ಮಧ್ಯೆ ದೋಣಿಯ ತಳ ಕೂರಲು ರಬ್ಬರ್ ರೋಲರ್. ಮೇಲೆ ತೆಂಗಿನ ಮಡಲು ಬಿದ್ದುಕೊಂಡಿತ್ತು. ನಮ್ಮ ಸಣ್ಣ ಫೈಬರ್ ದೋಣಿಯನ್ನು ವಾರಕ್ಕೊಮ್ಮೆ ಪಿಕಪ್‌ಗೆ ಹತ್ತಿಸಿ ಇಳಿಸಿ ನನ್ನ ಮತ್ತು ಭಾವನ ಸೊಂಟ ಬಿದ್ದುಹೋಗಿತ್ತು, ಹಾಗಾಗಿ ಚೌಕಾಸಿ ಕೂಡ ಜಾಸ್ತಿ ಮಾಡದೆ ದುಡ್ಡು ಕೊಟ್ಟುಬಿಟ್ಟೆವು. ಆರ್‌ಸಿ ಕೇಳಿದ್ದಕ್ಕೆ ಅವರು ನಕ್ಕರು. "ಇದಕ್ಕೆ ಎಂತ ಆರ್‌ಸಿ ಮಾರಾಯ್ರೆ, ಇಂಜಿನ್ನೇ ಇಲ್ಲ ಅಲ್ವಾ?"

ಹೌದಲ್ಲ ಅನ್ನಿಸಿತು. ಅಲ್ಲೇ ಎಡವಿದ್ದು. ಆಮೇಲೆ ಅದನ್ನು ಹೆಸರಿಗೆ ಮಾಡಿಸಿಕೊಳ್ಳಲು ಐದು ತಿಂಗಳು ಓಡಾಡಿದೆ.

ಮೊದಲು ಇದೊಂದು ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 'ಮೋಟಾರು ವಾಹನ' ಅನ್ನುವ ಮಾತಿನೊಳಗೆ ಟ್ರೈಲರ್ ಕೂಡ ಸೇರುತ್ತದೆ. ಇಂಜಿನ್ ಇದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ. ಟ್ರ್ಯಾಕ್ಟರ್ ಹಿಂದಿನ ಟ್ರೈಲರ್‌ಗೆ ಬೇರೆಯೇ ನಂಬರ್ ಇರುವುದನ್ನು ನೋಡಿರುತ್ತೀರಿ, ದೋಣಿ ಟ್ರೈಲರ್‌ಗೂ ಹಾಗೇ. ಎಳೆಯುವ ಜೀಪಿನ ನಂಬರನ್ನೇ ಹಿಂದೆ ಬರೆದು ಓಡಿಸಿದರೆ ಅದು ನೋಂದಣಿ ಅನ್ನಿಸಿಕೊಳ್ಳುವುದಿಲ್ಲ. ನೋಂದಣಿ ಇಲ್ಲದೆ ರಸ್ತೆಗೆ ಇಳಿಸಿದರೆ ಕಾಯ್ದೆಯ 192ನೇ ಸೆಕ್ಷನ್ ಪ್ರಕಾರ ಮೊದಲ ಸಲ 2,000ದಿಂದ 5,000 ರೂಪಾಯಿವರೆಗೆ ದಂಡ. ದಂಡ ಹೇಗೋ ಕಟ್ಟಬಹುದು, ನನಗೆ ಹೆದರಿಕೆ ಇದ್ದದ್ದು ಬೇರೆ. ಇಳಿಜಾರಿನಲ್ಲಿ ಟ್ರೈಲರ್ ಕಳಚಿ ಯಾರದೋ ಸ್ಕೂಟರ್ ಮೇಲೆ ಹೋದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಕಾಗದ.

ಟ್ರೈಲರ್ ಇನ್ನೂ ತಗೊಂಡಿಲ್ಲದಿದ್ದರೆ ಒಳ್ಳೆಯದೇ ಆಯಿತು, ದುಡ್ಡು ಕೊಡುವ ಮೊದಲು ಚಾಸಿಸ್ ನಂಬರ್, ಅಂದರೆ ಗಾಡಿಯ ಚೌಕಟ್ಟಿನ ಮೇಲೆ ಕೊರೆದಿರುವ ನಂಬರ್ ಹುಡುಕಿ. ತಗೊಂಡಾಗಿದ್ದರೂ ಶುರು ಮಾಡುವುದು ಅಲ್ಲಿಂದಲೇ. ಕಾಗದಪತ್ರ ಎಲ್ಲ ಆ ನಂಬರಿನ ಹಿಂದೆ ಹೋಗುತ್ತದೆ, ಮಾರಿದವರ ಬಾಯಿಮಾತಿನ ಹಿಂದೆ ಅಲ್ಲ.

ನಮ್ಮ ಟ್ರೈಲರ್‌ನಲ್ಲಿ ನಂಬರ್ ಇದ್ದದ್ದು ಜೀಪಿಗೆ ಸಿಕ್ಕಿಸುವ ಮುಂದಿನ ಕಂಬದ ಬಲಗಡೆ. ಇದ್ದದ್ದು ಅಂದರೆ, ಅಲ್ಲಿ ತುಕ್ಕಿನ ಒಂದು ಪದರ ಇತ್ತು. ಉಪ್ಪುನೀರಿಗೆ ಇಳಿಸಿ ಇಳಿಸಿ ಕಬ್ಬಿಣ ಹಪ್ಪಳದ ಹಾಗೆ ಎದ್ದಿತ್ತು. ಗ್ರೈಂಡರ್ ಮಾತ್ರ ಹಿಡಿಯಬೇಡಿ, ತುಕ್ಕಿನ ಜೊತೆ ನಂಬರೂ ಹೋಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ರಾತ್ರಿಯಿಡೀ ಅದರ ಮೇಲೆ ಸುತ್ತಿಟ್ಟು, ಬೆಳಿಗ್ಗೆ ತಂತಿಬ್ರಷ್‌ನಲ್ಲಿ ಮೆಲ್ಲ ಉಜ್ಜಿ ಒರೆಸಿ. ಆಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ಅಕ್ಷರಗಳು ಒಂದೊಂದಾಗಿ ಏಳುತ್ತವೆ. ತೆಳು ಕಾಗದ ಇಟ್ಟು ಪೆನ್ಸಿಲ್‌ನಿಂದ ಉಜ್ಜಿದರೆ ಅಚ್ಚು ಬರುತ್ತದೆ. ಆರ್‌ಟಿಒ ಬಾಗಿಲಲ್ಲಿ ಇದಕ್ಕೇ ಪೆನ್ಸಿಲ್ ಪ್ರಿಂಟ್ ಅನ್ನುವುದು. ನಾಲ್ಕೈದು ತೆಗೆದಿಟ್ಟುಕೊಳ್ಳಿ, ಎಲ್ಲ ಕಡೆ ಕೇಳುತ್ತಾರೆ.

ನನಗೆ ಒಂದು ಅಂಕಿ 3 ಅಥವಾ 8 ಅಂತ ಗೊತ್ತಾಗದೆ ಎರಡು ದಿನ ಹೋಯಿತು. ನಂಬರ್ 17 ಅಕ್ಷರದ್ದಾದರೆ ಒಂದು ಅನುಕೂಲ ಇದೆ, ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಓ ಥರ ಕಂಡರೆ ಸೊನ್ನೆ, ಐ ಥರ ಕಂಡರೆ ಒಂದು. ಏನು ಮಾಡಿದರೂ ಓದಲಾಗದಿದ್ದರೆ ವೆಲ್ಡಿಂಗ್ ಅಂಗಡಿಗೆ ಹೋಗಿ ಹೊಸದಾಗಿ ಪಂಚ್ ಹೊಡೆಸಬೇಡಿ. ಆರ್‌ಟಿಒ ಅನುಮತಿ ಇಲ್ಲದೆ ಅದನ್ನು ಮಾಡಿದರೆ ಕಳ್ಳಮಾಲು ಅಂತಲೇ ಅನುಮಾನ ಬರುತ್ತದೆ, ನಿಮ್ಮ ಒಳ್ಳೆಯತನ ಅಲ್ಲಿ ಯಾರಿಗೂ ಬೇಕಾಗಿಲ್ಲ.

ಇನ್ನು ನೋಂದಣಿ ನಂಬರ್. ಹಳೇ ಪ್ಲೇಟು, ಹಳೇ ಇನ್ಶೂರೆನ್ಸ್ ಚೀಟಿ, ಹಿಂಬದಿಯ ಪೇಂಟಿನ ಅಡಿ, ಎಲ್ಲ ಕಡೆ ನೋಡಿ. ಕೆಎ-20 ಅಂದರೆ ಉಡುಪಿ, ಕೆಎ-19 ಮಂಗಳೂರು, 21 ಪುತ್ತೂರು, 70 ಬಂಟ್ವಾಳ. ಕೆಎಲ್-14 ಇದ್ದರೆ ಕಾಸರಗೋಡಿನದು, ಅದರ ಕತೆ ಬೇರೆ, ಮುಂದೆ ಹೇಳುತ್ತೇನೆ. ನಂಬರ್ ಸಿಕ್ಕಿದರೆ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ಮಾಲೀಕರ ಹೆಸರನ್ನು ಅರ್ಧ ನಕ್ಷತ್ರ ಹಾಕಿ ಮುಚ್ಚಿರುತ್ತಾರೆ, ಆದರೂ ನಿಮಗೆ ಮಾರಿದವರ ಹೆಸರಿಗೆ ಹೊಂದುತ್ತದಾ ಇಲ್ವಾ ಅಂತ ಊಹಿಸಬಹುದು. ನಮ್ಮದು ಹೊಂದಲಿಲ್ಲ. ಹಾಗೇ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ (ಎನ್‌ಸಿಆರ್‌ಬಿ) ಡಿಜಿಟಲ್ ಪೊಲೀಸ್ ಪೋರ್ಟಲ್‌ನಲ್ಲಿ ಈ ಗಾಡಿ ಕಳವಿನ ಪಟ್ಟಿಯಲ್ಲಿದೆಯಾ ಅಂತ ನೋಡಿ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಇಳಿಸಿಕೊಳ್ಳಿ. ಪಟ್ಟಿಯಲ್ಲಿ ಇದ್ದರೆ ಅಲ್ಲಿಗೆ ನಿಲ್ಲಿಸಿ, ಟ್ರೈಲರ್ ಮುಟ್ಟಬೇಡಿ, ಸೀದಾ ಠಾಣೆಗೆ ಹೋಗಿ ಹೇಳಿ.

ಆಮೇಲೆ ಗಾಡಿ ನೋಂದಣಿಯಾದ ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಅವರ ದಾಖಲೆಯಲ್ಲಿ ಆ ಗಾಡಿಯ ಬಗ್ಗೆ ಇರುವುದರ ನಕಲು ತೆಗೆಸಿ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಒಂದು ಹಾಳೆ. ದಾಖಲೆಯಲ್ಲಿ ಮಾಲೀಕರು ಯಾರು, ವಿಳಾಸ ಎಲ್ಲಿ, ಚಾಸಿಸ್ ನಂಬರ್ ಏನು, ತೆರಿಗೆ ಎಲ್ಲಿವರೆಗೆ ಕಟ್ಟಿದೆ, ಸಾಲ ಇದೆಯಾ, ಎಲ್ಲ ಅದರಲ್ಲಿರುತ್ತದೆ. ತುಂಬಾ ಹಳೇ ಗಾಡಿಯಾದರೆ ಕಂಪ್ಯೂಟರಿಗೇ ಹತ್ತಿರುವುದಿಲ್ಲ, ಆಗ ಹಳೇ ರಿಜಿಸ್ಟರ್ ನೋಡಿ ಬ್ಯಾಕ್‌ಲಾಗ್ ಎಂಟ್ರಿ ಮಾಡಬೇಕು. ಅದಕ್ಕೆ ಅರ್ಜಿ ಬರೆದುಕೊಟ್ಟು ಬೆನ್ನು ಹತ್ತಬೇಕು, ಬೇರೆ ಉಪಾಯ ಇಲ್ಲ.

ನಮ್ಮ ಹಾಳೆಯಲ್ಲಿ ಇದ್ದದ್ದು ಕುಂದಾಪುರ ಕಡೆಯ ಒಬ್ಬರ ಹೆಸರು. ಅವರು ಮಾರಿ ಎಷ್ಟೋ ವರ್ಷ ಆಗಿತ್ತು. ಮಧ್ಯದಲ್ಲಿ ಇಬ್ಬರ ಕೈ ದಾಟಿ ನಮಗೆ ಬಂದಿದೆ, ಆ ಇಬ್ಬರೂ ಹೆಸರಿಗೆ ಮಾಡಿಸಿಕೊಂಡೇ ಇಲ್ಲ. ಇಂಥ ಕಡೆ ನಿಮಗೆ ಸಹಿ ಬೇಕಾಗಿರುವುದು ಮಾರಿದವರದ್ದಲ್ಲ, ದಾಖಲೆಯಲ್ಲಿ ಇರುವವರದ್ದು. ನಾವು ಇನ್ನೂರು ರೂಪಾಯಿ ಛಾಪಾ ಕಾಗದದಲ್ಲಿ ಬರೆಸಿಕೊಂಡಿದ್ದ ಕರಾರನ್ನು ಕೌಂಟರಿನವರು ತಿರುವಿಯೂ ನೋಡಲಿಲ್ಲ.

ಹಳೇ ಮಾಲೀಕರನ್ನು ಹುಡುಕಿ ಹೋದಾಗ ಅವರು ಬಾಗಿಲಲ್ಲೇ ಕೈಯಾಡಿಸಿದರು. "ನಾನು ಯಾವತ್ತೋ ಮಾರಿಯಾಯ್ತು, ನನಗೆ ಸಂಬಂಧ ಇಲ್ಲ." ಇಂಥವರ ಹತ್ತಿರ ಜಗಳಕ್ಕೆ ಇಳಿಯಬೇಡಿ, ಕಾನೂನು ಹೇಳಿ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಒಂದು ಕಾರಿನ ಪ್ರಕರಣ ಬಂದಿತ್ತು. ಕಾರು ಒಬ್ಬರಿಂದ ಒಬ್ಬರಿಗೆ ಅಂತ ಹಲವು ಕೈ ದಾಟಿತ್ತು, ದಾಖಲೆಯಲ್ಲಿ ಮಾತ್ರ ಮೊದಲಿನವರೇ ಉಳಿದಿದ್ದರು, ಅಪಘಾತ ಆಯಿತು. ಯಾರ ಹೆಸರಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಅಂದಿತು ಕೋರ್ಟು. ಇಷ್ಟನ್ನು ಭಾವ ಸಮಾಧಾನದಲ್ಲಿ ಹೇಳಿ, "ಅಣ್ಣ, ನಾಳೆ ನಮ್ಮ ಕೈಯಲ್ಲಿ ಏನಾದರೂ ಆದರೆ ನೋಟೀಸು ಬರುವುದು ನಿಮ್ಮ ಮನೆಗೆ" ಅಂದ. ಅವರು ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದರು. ಅವತ್ತೇ ಎಲ್ಲ ಸಹಿ ಆಯಿತು, ಕಾಫಿಯೂ ಆಯಿತು.

ಯಾವ ಯಾವ ಸಹಿ ಅಂದರೆ, ಮಾಲೀಕತ್ವ ಬದಲಾವಣೆಗೆ ಫಾರಂ 29 ಎರಡು ಪ್ರತಿ ಮತ್ತು ಫಾರಂ 30. ಆರ್‌ಸಿ ಕಳೆದಿರುವುದರಿಂದ ಡೂಪ್ಲಿಕೇಟಿಗೆ ಫಾರಂ 26. ಡೂಪ್ಲಿಕೇಟ್ ಕೇಳಬೇಕಾದವರು ದಾಖಲೆಯ ಮಾಲೀಕರೇ, ನೀವಲ್ಲ. ಆರ್‌ಸಿ ಕಳೆದುಹೋಗಿದೆ ಅಂತ ಪೊಲೀಸರಿಗೆ ದೂರು ಕೊಡಬೇಕಾದದ್ದೂ ಅವರೇ. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮೊಬೈಲಿನಿಂದಲೇ ದೂರು ದಾಖಲಿಸಿ ಪ್ರತಿ ಪಡೆಯಬಹುದು, ವಯಸ್ಸಾದವರಾದರೆ ನೀವೇ ಪಕ್ಕದಲ್ಲಿ ಕೂತು ಮಾಡಿಸಿಕೊಡಿ. ಅರ್ಜಿ ಹಾಕುವುದು ಪರಿವಾಹನ್ ಪೋರ್ಟಲ್‌ನಲ್ಲಿ, ಅಲ್ಲಿ ಚಾಸಿಸ್ ನಂಬರಿನ ಕೊನೆಯ ಐದು ಅಂಕಿ ಕೇಳುತ್ತದೆ. ಓಟಿಪಿ ಅವರ ಫೋನಿಗೆ ಬರುತ್ತದೆ, ಹಾಗಾಗಿ ಸಹಿ ತಗೊಳ್ಳಲು ಹೋದ ದಿನವೇ ಫೋನ್ ನಂಬರಿನ ಕೆಲಸವನ್ನೂ ಮುಗಿಸಿಕೊಳ್ಳಿ. ನಾವು ಅದನ್ನು ಮರೆತು ಒಂದು ಓಟಿಪಿಗಾಗಿ ಮತ್ತೆ ಕುಂದಾಪುರಕ್ಕೆ ಹೋಗಿದ್ದೆವು. ಆಧಾರ್ ಪ್ರತಿ, ಫೋಟೊ, ಪೆನ್ಸಿಲ್ ಪ್ರಿಂಟ್, ಇನ್ಶೂರೆನ್ಸ್ ಇವೆಲ್ಲ ಮಾಮೂಲಿ, ಕಟ್ಟು ಮಾಡಿಟ್ಟುಕೊಳ್ಳಿ.

ಕಾಯ್ದೆಯಲ್ಲಿ ಗಡುವೂ ಇದೆ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು. ತಡ ಆಗಿದ್ದರೆ ದಂಡ ಕಟ್ಟಿ ಮುಂದುವರಿಯಿರಿ, ತಡ ಆಯಿತು ಅಂತ ಸುಮ್ನೆ ಕೂರುವುದಕ್ಕಿಂತ ಅದೇ ವಾಸಿ. ನೀವು ವಾಸವಿರುವ ಊರಿನ ಆರ್‌ಟಿಒದಲ್ಲೇ ಹೆಸರು ಬದಲಾವಣೆಗೆ ಹಾಕಬಹುದು.

ದಾಖಲೆಯ ಮಾಲೀಕರು ತೀರಿಕೊಂಡಿದ್ದರೆ ಕೆಲಸ ಎರಡು ಹೆಜ್ಜೆ ಆಗುತ್ತದೆ. ಮೊದಲು ಫಾರಂ 31ರಲ್ಲಿ ಗಾಡಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ಅವರಿಂದ ನಿಮಗೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಒಬ್ಬ ಮಗ ಮಸ್ಕತ್‌ನಲ್ಲಿ, ಮಗಳು ಮುಂಬೈಯಲ್ಲಿ ಅನ್ನುವ ಮನೆಗಳೇ ನಮ್ಮ ಕಡೆ ಜಾಸ್ತಿ, ಅದಕ್ಕೆ ಎಲ್ಲರೂ ಊರಿಗೆ ಬರುವ ಸಮಯ ನೋಡಿ ಹೋಗಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ಒಂದು ಡಜನ್ ಬಾಳೆಹಣ್ಣಾದರೂ ಇರಲಿ. ಬಿ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಸಾಲ ಅಂತ ಇದ್ದರೆ ಬ್ಯಾಂಕ್ ಅಥವಾ ಸೊಸೈಟಿಯಿಂದ ಎನ್‌ಒಸಿ ಮತ್ತು ಫಾರಂ 35 ಬೇಕು. ಸಾಲ ತೀರಿ ಎಷ್ಟೋ ಕಾಲ ಆಗಿದ್ದರೂ ದಾಖಲೆಯಿಂದ ಅದು ತನ್ನಷ್ಟಕ್ಕೆ ಅಳಿಸಿ ಹೋಗಿರುವುದಿಲ್ಲ.

ಕಾಸರಗೋಡಿನದೋ ಗೋವಾದ್ದೋ ಆದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ ಬರಬೇಕು. ಅದನ್ನು ಅಲ್ಲಿಯ ಮಾಲೀಕರೇ ತೆಗೆಸಿಕೊಡಬೇಕು. ಆಮೇಲೆ ಇಲ್ಲಿ ಫಾರಂ 27ರಲ್ಲಿ ಕೆಎ ನಂಬರಿಗೆ ಅರ್ಜಿ, ಜೊತೆಗೆ ಇಲ್ಲಿನ ತೆರಿಗೆ. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಎನ್‌ಒಸಿ ಕೈಗೆ ಬರುವ ತನಕ ಹೊರರಾಜ್ಯದ ಟ್ರೈಲರ್‌ಗೆ ಒಂದು ರೂಪಾಯಿ ಅಡ್ವಾನ್ಸ್ ಕೂಡ ಕೊಡಬೇಡಿ.

ಎಲ್ಲಕ್ಕಿಂತ ಕಷ್ಟದ್ದು, ಯಾವತ್ತೂ ನೋಂದಣಿಯೇ ಆಗದ ಟ್ರೈಲರ್. ಯಾರೋ ವೆಲ್ಡಿಂಗ್ ಶಾಪಿನಲ್ಲಿ ಆ್ಯಂಗಲ್ ಕೂಡಿಸಿ, ಗುಜರಿಯಿಂದ ಹಳೇ ಕಾರಿನ ಆ್ಯಕ್ಸಲ್ ತಂದು ಮಾಡಿಸಿದ್ದು. ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೆ ಹೊಸ ನೋಂದಣಿಗೆ ಫಾರಂ 20ರ ಜೊತೆ ಮಾರಾಟದ ಫಾರಂ 21, ತಯಾರಕರು ಕೊಡುವ ಫಾರಂ 22 ಬೇಕು. ಫಾರಂ 22 ಕೊಡಬೇಕಾದರೆ ಆ ಮಾದರಿಗೆ ಪುಣೆಯ ಎಆರ್‌ಎಐ ಥರದ, ವಾಹನ ಪರೀಕ್ಷಿಸುವ ಸಂಸ್ಥೆಯಿಂದ ಒಪ್ಪಿಗೆ ಸಿಕ್ಕಿರಬೇಕು. ವೆಲ್ಡಿಂಗ್ ಶಾಪಿನ ಬಿಲ್ಲಿಗೆ ಆ ಬೆಲೆ ಇಲ್ಲ, ನೋಟರಿ ಅಫಿಡವಿಟ್ಟಿಗೂ ಇಲ್ಲ. "ನಾನು ಮಾಡಿಸಿಕೊಡ್ತೇನೆ, ಇಷ್ಟು ಕೊಡಿ" ಅನ್ನುವ ಏಜೆಂಟ್ ಸಿಕ್ಕರೆ ದುಡ್ಡು ಜೇಬಲ್ಲೇ ಇರಲಿ. ಬೇರೆ ಟ್ರೈಲರಿನ ನಂಬರನ್ನು ಇದಕ್ಕೆ ಹೊಡೆದು ಕೊಟ್ಟರೆ ಸಿಕ್ಕಿಬೀಳುವುದು ನೀವು. ಇಂಥದ್ದನ್ನು ಕಬ್ಬಿಣದ ತೂಕದ ರೇಟಿಗೆ ತಗೊಂಡು ನಿಮ್ಮದೇ ಹಿತ್ತಲಲ್ಲಿ ದೋಣಿ ನಿಲ್ಲಿಸಲು ಬಳಸಿ, ರಸ್ತೆಗೆ ಬೇಡ.

ಇನ್ನೂ ದುಡ್ಡು ಕೊಡದವರಿಗೆ ಒಂದು ಮಾತು. ಅರ್ಧ ಮಾತ್ರ ಕೊಡಿ, ಉಳಿದದ್ದು ಹೆಸರು ಬದಲಾದ ಮೇಲೆ. ಡೆಲಿವರಿ ನೋಟ್‌ನಲ್ಲಿ ತಾರೀಕು ಮಾತ್ರ ಅಲ್ಲ, ಗಂಟೆಯನ್ನೂ ಬರೆಸಿ. ಮಧ್ಯಾಹ್ನ ತಂದ ಗಾಡಿ ಬೆಳಿಗ್ಗೆ ಎಲ್ಲೋ ಗುದ್ದಿದ್ದರೆ ಅದು ನಿಮ್ಮ ತಲೆಗೆ ಬರಬಾರದು.

ಆರ್‌ಸಿ ಬಂದ ಮೇಲೆ ಅಲ್ಲೇ ನಿಂತು ಚಾಸಿಸ್ ನಂಬರನ್ನು ಪೆನ್ಸಿಲ್ ಪ್ರಿಂಟಿನ ಜೊತೆ ಒಂದೊಂದೇ ಅಂಕಿ ಹಿಡಿದು ನೋಡಿ, ತಪ್ಪಿದ್ದರೆ ತಿದ್ದಿಸಿಕೊಂಡೇ ಹೊರಡಿ. ಇನ್ಶೂರೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನ ಇರುತ್ತದೆ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸಬೇಕು ಅನ್ನುವ ಕರ್ನಾಟಕದ ಆದೇಶದಲ್ಲಿ ಟ್ರೈಲರೂ ಸೇರಿದೆ, ಅದನ್ನೂ ಮುಗಿಸಿ. ಹಿಂದಿನ ಲೈಟು ನೀರಿಗೆ ಇಳಿಸಿದಾಗಲೆಲ್ಲ ಹಾಳಾಗುತ್ತದೆ, ನಾವು ಲೈಟಿನ ಪಟ್ಟಿಯನ್ನೇ ಕಳಚಿ ತೆಗೆಯುವ ಹಾಗೆ ಮಾಡಿದ್ದೇವೆ. ಮತ್ತೆ ಆ ಮುಂದಿನ ಕಂಬದ ನಂಬರ್ ಇದೆಯಲ್ಲ, ಅದರ ಮೇಲೆ ದಪ್ಪಕ್ಕೆ ಗ್ರೀಸ್ ಮೆತ್ತಿ ಹಳೇ ಟ್ಯೂಬಿನ ತುಂಡು ಕಟ್ಟಿಡಿ. ಪ್ರತಿ ಸಲ ಸಮುದ್ರದಿಂದ ಬಂದ ಕೂಡಲೇ ಬಾವಿನೀರಿನಲ್ಲಿ ತೊಳೆದು ಮತ್ತೆ ಮೆತ್ತಿ.