ನಲವತ್ತರ ಆಸುಪಾಸಿನಲ್ಲಿ ಕೆಟಲ್‌ಬೆಲ್: ನಡುವೆ ಬಿಡದಂತೆ ನಡೆಸುವುದು ಹೇಗೆ?

ಕೆಟಲ್‌ಬೆಲ್, ಅಂದರೆ ಮೇಲೆ ಹಿಡಿ ಇರುವ ಕಬ್ಬಿಣದ ಗುಂಡು, ಕೊಂಡವರ ಕಥೆ ಸಾಮಾನ್ಯವಾಗಿ ಹೀಗೆ: ಮೊದಲ ತಿಂಗಳು ಹುರುಪು, ಎರಡನೇ ತಿಂಗಳು ಸೊಂಟನೋವು, ಮೂರನೇ ತಿಂಗಳಿಂದ ಅದು ಬಾಗಿಲು ಗಾಳಿಗೆ ಬಡಿಯದಂತೆ ಇಡುವ ಕಲ್ಲು. ಇದಕ್ಕೆ ಸೋಮಾರಿತನವೇ ಕಾರಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಗಳ ಟ್ಯೂಷನ್, ಅಪ್ಪನ ಬಿ.ಪಿ. ಗುಳಿಗೆ, ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಓಡಾಟ ಇರುವವರು ಇಪ್ಪತ್ತೈದರ ಹುಡುಗನ ವೇಳಾಪಟ್ಟಿ ಹಾಕಿಕೊಂಡರೆ ಅದು ಮುರಿಯದೆ ಇನ್ನೇನಾದೀತು? ಮುರಿಯಲಾರದಷ್ಟು ಸಣ್ಣ ವೇಳಾಪಟ್ಟಿ ಹಾಕಿಕೊಳ್ಳುವುದೇ ಇಲ್ಲಿಯ ಅಸಲಿ ಕೆಲಸ.

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ ಎಂಬುದು ಸಾಮಾನ್ಯ ಅಂದಾಜು. ಉಣಕಲ್ ಕೆರೆಯ ದಂಡೆಯ ವಾಕಿಂಗ್ ಹೃದಯಕ್ಕೆ ಒಳ್ಳೆಯದೇ. ಸ್ನಾಯು ಉಳಿಯಲು ಮಾತ್ರ ಭಾರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆ, ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳುತ್ತದೆ. ಎರಡು ದಿನ, ಆರು ದಿನವಲ್ಲ.

ಕೆಟಲ್‌ಬೆಲ್ ರಷ್ಯದ ಸಂತೆಗಳಲ್ಲಿ ಧಾನ್ಯ ತೂಗುವ ಕಲ್ಲಾಗಿತ್ತು. ಅಲ್ಲಿಯ ಹಳೆಯ ಅಳತೆ ಪೂಡ್, ಅಂದರೆ 16.38 ಕೆ.ಜಿ. ಇವತ್ತು ಅಂಗಡಿಯಲ್ಲಿ ಸಿಗುವ 16, 24, 32 ಕೆ.ಜಿ. ಬೆಲ್‌ಗಳು ಹೆಚ್ಚುಕಡಿಮೆ ಒಂದು, ಒಂದೂವರೆ, ಎರಡು ಪೂಡ್‌ಗಳೇ. ತೂಗುವ ಕಲ್ಲನ್ನೇ ಎತ್ತಿ ಬಲ ತೋರಿಸುವ ಚಾಳಿ ಜಾತ್ರೆಯಲ್ಲಿ ಗುಂಡುಕಲ್ಲು, ಜೋಳದ ಚೀಲ ಎತ್ತುವುದನ್ನು ನೋಡಿ ಬೆಳೆದ ನಮ್ಮ ಕಡೆಯವರಿಗೆ ಹೊಸದೇನಲ್ಲ.

ಮೊದಲು ಮೈಯ ತಪಾಸಣೆ

ಬಿ.ಪಿ. ಒಮ್ಮೆ ನೋಡಿಸಿ. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ಅದು ಸರ್ರನೆ ಏರುತ್ತದೆ. ಹರ್ನಿಯಾ, ಡಿಸ್ಕ್ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಇನ್ನೊಂದು ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಗೋಡೆಗೆ ಬೆನ್ನು ಆನಿಸಿ ನಿಂತು, ಸೊಂಟ ಬಾಗಿಸದೆ ಎರಡೂ ಕೈ ಮೇಲೆತ್ತಿ. ಹೆಬ್ಬೆರಳು ಗೋಡೆಗೆ ತಾಗದಿದ್ದರೆ ಸದ್ಯಕ್ಕೆ ಬೆಲ್ ತಲೆಯ ಮೇಲೆ ಹೋಗುವ ಯಾವ ವ್ಯಾಯಾಮವೂ ಬೇಡ. ಭುಜ ಬಿಗಿದುಕೊಳ್ಳುವ ‘ಫ್ರೋಜನ್ ಶೋಲ್ಡರ್’ ಹೆಚ್ಚಾಗಿ ಕಾಡುವುದು ನಲವತ್ತರಿಂದ ಅರವತ್ತರ ನಡುವೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರನ್ನು.

ಕೊಳ್ಳುವುದು ಒಂದೇ ಬೆಲ್

ರೂಢಿ ಇಲ್ಲದ ಹೆಂಗಸರಿಗೆ 8 ಕೆ.ಜಿ., ಗಂಡಸರಿಗೆ 12 ಸಾಕು. ಮೊದಲೇ ಗಟ್ಟಿ ಮೈ ಇದ್ದವರು 16 ನೋಡಬಹುದು. ಎರಕದ ಕಬ್ಬಿಣದ್ದೇ ಇರಲಿ. ಒಳಗೆ ಸಿಮೆಂಟ್ ತುಂಬಿದ ಪ್ಲಾಸ್ಟಿಕ್ ಬೆಲ್ ಅಗ್ಗ, ಆದರೆ ಗಾತ್ರ ದೊಡ್ಡದು, ಮುಂಗೈಗೆ ಬಡಿಯುತ್ತದೆ. ಹಿಡಿಯ ಒಳಮೈಯನ್ನು ಬೆರಳಾಡಿಸಿ ನೋಡಿ. ಎರಕದ ಗೆರೆ ಚುಚ್ಚಿದರೆ ಅಂಗೈ ಚರ್ಮ ಉಳಿಯುವುದಿಲ್ಲ. ಫರಸಿ ಕಲ್ಲಿನ ನೆಲವಾದರೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಅಪಾರ್ಟ್‌ಮೆಂಟ್‌ನಲ್ಲಿ ಕೆಳಗಿನ ಮನೆಯವರ ಮುಖ ನೋಡಲಿಕ್ಕಾದರೂ ಹಾಸಿ.

ಬಾಗುವುದನ್ನು ಕಲಿಯದೆ ಬೀಸಬೇಡಿ

ಎರಡನೇ ತಿಂಗಳ ಸೊಂಟನೋವು ಬಹುಪಾಲು ಹುಟ್ಟುವುದು ಇಲ್ಲಿ. ಸ್ವಿಂಗ್ ಎಂದರೆ ಬೆಲ್ ಬೀಸುವುದು, ಬೈಠಕ್ ಹೊಡೆದು ಕೈಯಿಂದ ಎತ್ತುವುದಲ್ಲ. ಗೋಡೆಗೆ ಬೆನ್ನು ಮಾಡಿ, ಒಂದು ಅಡಿ ಮುಂದೆ ನಿಲ್ಲಿ. ಮೊಣಕಾಲು ತುಸುವೇ ಮಡಚಿ, ಬೆನ್ನು ನೇರವಾಗಿಟ್ಟು, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆಗೆ ತಾಗಿಸಿ. ತೊಡೆಯ ಹಿಂಭಾಗ ಜಗ್ಗಬೇಕು, ಸೊಂಟ ಜಗ್ಗಬಾರದು. ಇದು ಸಲೀಸಾದ ಮೇಲೆ ಬೆಲ್ ಅನ್ನು ಎರಡೂ ಪಾದಗಳ ನಡುವೆ ಇಟ್ಟು, ಅದೇ ಬಾಗುವಿಕೆಯಿಂದ ಎತ್ತಿ ನಿಲ್ಲುವುದು, ಇಳಿಸುವುದು, ಇದೇ ಡೆಡ್‌ಲಿಫ್ಟ್. ಎರಡು ವಾರ ಇಷ್ಟೇ ಮಾಡಿ. ಬೇಸರ ಬರುತ್ತದೆ, ಬರಲಿ.

ಆಮೇಲೆ ಸ್ವಿಂಗ್. ಬೆಲ್ ಪಾದಕ್ಕಿಂತ ಒಂದು ಅಡಿ ಮುಂದಿರಲಿ. ಬಾಗಿ ಹಿಡಿದು, ಕಾಲುಗಳ ಸಂದಿಯಲ್ಲಿ ಹಿಂದಕ್ಕೆ ಎಸೆದು, ಪೃಷ್ಠ ಬಿಗಿಮಾಡಿ ಝಾಡಿಸಿ ಎದ್ದು ನಿಲ್ಲಿ. ಕೈ ಬರೀ ಹಗ್ಗದಂತೆ. ಬೆಲ್ ಎದೆಯ ಎತ್ತರಕ್ಕೆ ತಾನಾಗಿಯೇ ತೇಲಿ ಬರಬೇಕು. ಮೇಲೆ ಬರುವಾಗ ‘ಹುಸ್’ ಎಂದು ಉಸಿರು ಬಿಡಿ. ಇಳಿಯುವಾಗ ಬೇಗ ಬಾಗಬೇಡಿ, ಮುಂಗೈ ತೊಡೆಯ ಸಂದಿಗೆ ತಾಗುವವರೆಗೂ ಕಾಯಿರಿ. ಮರುದಿನ ಪೃಷ್ಠ, ತೊಡೆ ನೊಂದರೆ ಸರಿಯಾಗಿದೆ ಎಂದರ್ಥ. ಸೊಂಟ ಹಿಡಿದರೆ ಮತ್ತೆ ಗೋಡೆಯ ಹತ್ತಿರ ಹೋಗಿ. ಕಾಲಿಗೆ ಜೋಮು ಇಳಿದರೆ, ಎದೆ ನೊಂದರೆ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ

ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಬೆಲ್ ಅನ್ನು ಎದೆಗೆ ಹಿಡಿದು ಬೈಠಕ್, ಅಂದರೆ ಗಾಬ್ಲೆಟ್ ಸ್ಕ್ವಾಟ್, ಐದರಂತೆ ಮೂರು ಸುತ್ತು. ಬಳಿಕ ಸ್ವಿಂಗ್, ಹತ್ತರಂತೆ ಐದು ಸುತ್ತು. ಕೊನೆಗೆ ಒಂದು ಕೈಯಲ್ಲಿ ಬೆಲ್ ಹಿಡಿದು, ಮೈ ವಾಲಿಸದೆ, ಪಡಸಾಲೆಯಲ್ಲಿ ನಾಲ್ಕು ಸಲ ಅತ್ತಿತ್ತ ನಡಿಗೆ, ಎರಡೂ ಕೈಗೆ. ಸುತ್ತುಗಳ ನಡುವೆ ಗಡಿಯಾರ ನೋಡಬೇಡಿ. ತಡೆಯದೆ ಒಂದು ಪೂರ್ತಿ ವಾಕ್ಯ ಆಡಲು ಬಂದರೆ ಮುಂದಿನ ಸುತ್ತಿಗೆ ಸಿದ್ಧ. ಇನ್ನೆರಡು ಸುತ್ತು ಆಗುತ್ತಿತ್ತು ಅನ್ನಿಸುವಾಗಲೇ ಬೆಲ್ ಕೆಳಗಿಡಿ. ಈ ವಯಸ್ಸಿನಲ್ಲಿ ಸ್ನಾಯುವಿಗಿಂತ, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನಕ್ಕೆ ಗಟ್ಟಿಯಾಗುತ್ತದೆ. ಉಮೇದಿ ಬಂತೆಂದು ಸುತ್ತು ಏರಿಸಿದರೆ ಮೊಣಕೈ ಲೆಕ್ಕ ಕೇಳುತ್ತದೆ.

ಊಟದ ವಿಷಯಕ್ಕೆ ಪೌಡರ್ ಡಬ್ಬಿಯ ಹಂಗು ಬೇಕಿಲ್ಲ. ರೊಟ್ಟಿಯ ಜೊತೆ ಹೆಸರುಕಾಳು, ಮಡಿಕೆಕಾಳು ಪಲ್ಯ, ಮೊಸರು, ತಿನ್ನುವವರಿಗೆ ಮೊಟ್ಟೆ, ಇವನ್ನು ಒಂದಿಷ್ಟು ಹೆಚ್ಚಿಸಿ. ಸಂಜೆಯ ಗಿರ್ಮಿಟ್-ಮಿರ್ಚಿ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಕ್ಯಾಲೆಂಡರ್ ತೆಗೆದು ಕೂತುಕೊಳ್ಳಿ

ಇದು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಬಿಡುವ ಹೆಜ್ಜೆಯೂ ಇದೇ. ನಮ್ಮ ವರ್ಷದಲ್ಲಿ ಎಲ್ಲಿ ತಪ್ಪುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಶ್ರಾವಣದ ಸೋಮವಾರದ ಉಪವಾಸ, ಹುಬ್ಬಳ್ಳಿಯ ಗಣಪತಿ, ದೀಪಾವಳಿ, ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ, ರಂಗಪಂಚಮಿ, ಏಪ್ರಿಲ್-ಮೇ ಮದುವೆಗಳು. ಧಾರವಾಡದವರಿಗೆ ಜೂನ್‌ನಿಂದ ಜಿಟಿಜಿಟಿ ಮಳೆ ಬೇರೆ. ಮಾಳಿಗೆಯ ಮೇಲೆ ಮಾಡುವವರು ಒಳಗೊಂದು ಆರಡಿ ಜಾಗ ಈಗಲೇ ಗುರುತಿಸಿಕೊಳ್ಳಬೇಕು. ಈ ವಾರಗಳಿಗೆ ಗೋಡೆ ಕ್ಯಾಲೆಂಡರ್‌ನಲ್ಲಿ ಸುತ್ತು ಹಾಕಿ, ಅಲ್ಲಿ ‘ಸಣ್ಣ ಪಾಳಿ’ ಎಂದು ಬರೆಯಿರಿ: ಮೂರು ಸುತ್ತು ಸ್ವಿಂಗ್, ಒಂದು ಸುತ್ತು ಸ್ಕ್ವಾಟ್, ಮುಗಿಯಿತು. ಸ್ನಾನಕ್ಕೆ ನೀರು ಕಾಯುವಷ್ಟು ಹೊತ್ತು. “ಯಾಕ್ರೀ, ಮನಿ ತುಂಬ ಮಂದಿ ಅದಾರ, ಈಗೇನ್ ನಿಮ್ದು?” ಎಂದು ಒಳಗಿಂದ ದನಿ ಬರುವಷ್ಟರಲ್ಲಿ ಮುಗಿದಿರುತ್ತದೆ.

ಬೆಲ್ ಅನ್ನು ಮಂಚದ ಕೆಳಗೆ ತಳ್ಳಬೇಡಿ. ಬೆಳಿಗ್ಗೆ ಚಹಾ ಕುಡಿಯುವ ಜಾಗದಲ್ಲಿ ಕಣ್ಣಿಗೆ ಬೀಳುವಂತೆ ಇಡಿ, ಸಣ್ಣ ಮಕ್ಕಳಿದ್ದರೆ ಮಾತ್ರ ಮೂಲೆಗೆ.

ತಪ್ಪಿದ ಮೇಲೆ ಮರಳುವುದು

ತಪ್ಪಿಯೇ ತಪ್ಪುತ್ತದೆ. ಎರಡು-ಮೂರು ವಾರದ ಬಿಡುವಿನಲ್ಲಿ ಬಲ ಹೆಚ್ಚೇನೂ ಇಳಿಯುವುದಿಲ್ಲ. ಮೊದಲು ಇಳಿಯುವುದು ದಮ್ಮು. ವಾರ ತಪ್ಪಿದರೆ ಅದೇ ಬೆಲ್, ಅರ್ಧದಷ್ಟೇ ಸುತ್ತುಗಳು. ತಿಂಗಳು ತಪ್ಪಿದರೆ, ಹಗುರ ಬೆಲ್ ಇದ್ದರೆ ಅದಕ್ಕೆ ಇಳಿದು, ಡೆಡ್‌ಲಿಫ್ಟ್‌ನಿಂದ ಶುರು. ತಪ್ಪಿದ ದಿನಗಳ ಬಾಕಿಯನ್ನು ಒಂದೇ ಭಾನುವಾರ ತೀರಿಸಲು ಹೋಗುವವರೇ ಮತ್ತೆ ಮೂರು ವಾರ ಮಲಗುವುದು.

ಭಾರ ಏರಿಸುವುದು ಯಾವಾಗ

ಐದು ಸುತ್ತು ನಿಧಾನಕ್ಕೆ ಬೆಳೆದು, ಹತ್ತು ಸ್ವಿಂಗ್‌ನ ಹತ್ತು ಸುತ್ತು, ಏದುಸಿರಿಲ್ಲದೆ, ಸತತ ಮೂರು ವಾರ ಆದಾಗ. ಅವಸರ ಬೇಡ ಎನ್ನಲು ಲೆಕ್ಕವೇ ಕಾರಣ: 16ರಿಂದ 20ಕ್ಕೆ ಹೋದರೆ ಭಾರ ಕಾಲು ಪಾಲು ಏರುತ್ತದೆ, 8ರಿಂದ 12ಕ್ಕೆ ಹೋದರೆ ಅರ್ಧ ಪಾಲು. ಮೊದಲೆರಡು ವಾರ ಒಂದು ಸುತ್ತು ಹೊಸದರಲ್ಲಿ, ಉಳಿದವು ಹಳೆಯದರಲ್ಲಿ. ಹಳೆಯದನ್ನು ಮಾರಬೇಡಿ; ಗಣಪತಿ ಕಳಿಸಿದ ಮರುವಾರ ಅದೇ ಬೇಕಾಗುತ್ತದೆ.