ಎನ್‌ಎಚ್‌ಎಸ್ ಕಂಟಿನ್ಯೂಯಿಂಗ್ ಹೆಲ್ತ್‌ಕೇರ್ ನಿರಾಕರಣೆಯಾದಾಗ: ಇಂಗ್ಲೆಂಡಿನ ಕನ್ನಡಿಗ ಕುಟುಂಬಗಳಿಗೆ ಮೇಲ್ಮನವಿಯ ಮಾಹಿತಿ

ಇಂಗ್ಲೆಂಡಿನ ವ್ಯವಸ್ಥೆ ಚಿಕಿತ್ಸೆ ಮತ್ತು ಆರೈಕೆ ಎರಡನ್ನೂ ಒಂದೇ ಎಂದು ಪರಿಗಣಿಸುವುದಿಲ್ಲ. ಚಿಕಿತ್ಸೆ ಎನ್‌ಎಚ್‌ಎಸ್‌ನ ಹೊಣೆ. ಆಸ್ಪತ್ರೆಯಲ್ಲಿ ಯಾರೂ ಬಿಲ್ಲು ಕೊಡುವುದಿಲ್ಲ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಎಬ್ಬಿಸಿ ಕೂರಿಸುವುದು ಮುಂತಾದ ದಿನನಿತ್ಯದ ಆರೈಕೆ ಸ್ಥಳೀಯ ಕೌನ್ಸಿಲ್‌ಗೆ ಸೇರಿದ್ದು, ಕೌನ್ಸಿಲ್ ಮೊದಲು ನಿಮ್ಮ ಹಣಕಾಸಿನ ಸ್ಥಿತಿಯನ್ನು ನೋಡುತ್ತದೆ. 23,250 ಪೌಂಡ್‌ಗಿಂತ ಹೆಚ್ಚು ಉಳಿತಾಯವಿರುವವರು ಪೂರ್ತಿ ಖರ್ಚನ್ನು ತಾವೇ ಭರಿಸಬೇಕು. ಕೇರ್ ಹೋಮ್‌ಗೆ ಕಾಯಂ ಆಗಿ ಸೇರಿದವರ ಸ್ವಂತ ಮನೆಯಲ್ಲಿ ಗಂಡ ಅಥವಾ ಹೆಂಡತಿ ವಾಸವಾಗಿಲ್ಲದಿದ್ದರೆ, ಸಾಮಾನ್ಯವಾಗಿ ಆ ಮನೆಯ ಬೆಲೆಯನ್ನೂ ಈ ಲೆಕ್ಕಕ್ಕೆ ಹಿಡಿಯುತ್ತಾರೆ. ನರ್ಸಿಂಗ್ ಹೋಮ್‌ನ ಶುಲ್ಕ ವಾರಕ್ಕೆ 1,000 ಪೌಂಡ್ ದಾಟುವುದು ಈಗ ಸಾಮಾನ್ಯವಾಗಿರುವುದರಿಂದ, ಇಡೀ ಜೀವಮಾನ ದುಡಿದು ಕಟ್ಟಿದ ಮನೆ ಕೆಲವೇ ವರ್ಷಗಳಲ್ಲಿ ಕರಗಿಹೋಗಬಹುದು.

ಇದಕ್ಕೆ ಒಂದು ದೊಡ್ಡ ಅಪವಾದವಿದೆ. ವಯಸ್ಕರೊಬ್ಬರ ಅಗತ್ಯಗಳು ಮುಖ್ಯವಾಗಿ ಆರೋಗ್ಯಕ್ಕೇ ಸಂಬಂಧಿಸಿದವು ಎಂದು ತೀರ್ಮಾನವಾದರೆ, ಅವರ ಪೂರ್ತಿ ಆರೈಕೆಯ ವೆಚ್ಚವನ್ನು ಎನ್‌ಎಚ್‌ಎಸ್ ಭರಿಸಬೇಕು. ನರ್ಸಿಂಗ್ ಹೋಮ್‌ನಲ್ಲಿದ್ದರೆ ಊಟ ಮತ್ತು ವಸತಿಯ ಖರ್ಚೂ ಅದರಲ್ಲಿ ಸೇರುತ್ತದೆ. ಸ್ವಂತ ಮನೆಯಲ್ಲೇ ಇದ್ದರೂ ಈ ಸೌಲಭ್ಯ ಸಿಗುತ್ತದೆ. ಇದಕ್ಕೆ ಎನ್‌ಎಚ್‌ಎಸ್ ಕಂಟಿನ್ಯೂಯಿಂಗ್ ಹೆಲ್ತ್‌ಕೇರ್, ಚಿಕ್ಕದಾಗಿ ಸಿಎಚ್‌ಸಿ, ಎನ್ನುತ್ತಾರೆ. ಆಸ್ತಿ, ಆದಾಯಗಳನ್ನು ಇಲ್ಲಿ ಕೇಳುವಂತಿಲ್ಲ. ಹಾಗಿದ್ದೂ ಬಹಳ ಅರ್ಜಿಗಳು ತಿರಸ್ಕೃತವಾಗುತ್ತವೆ, ಮತ್ತು ತಿರಸ್ಕಾರದ ಪತ್ರ ಬಂದ ಮೇಲೆ ಬಹಳ ಕುಟುಂಬಗಳು ಅಲ್ಲಿಗೇ ಕೈಬಿಡುತ್ತವೆ. ಅಂಥ ಪತ್ರ ಕೈಯಲ್ಲಿ ಹಿಡಿದು ಕೂತವರಿಗಾಗಿ ಈ ಬರಹ. ಇದು ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತದೆ; ವೇಲ್ಸ್‌ಗೆ ತನ್ನದೇ ನಿಯಮಾವಳಿಯಿದೆ, ಸ್ಕಾಟ್ಲೆಂಡ್ 2015ರಲ್ಲೇ ಸಿಎಚ್‌ಸಿಯನ್ನು ಕೈಬಿಟ್ಟು ಬೇರೆ ವ್ಯವಸ್ಥೆ ಮಾಡಿಕೊಂಡಿತು. ವಿಸಿಟರ್ ವೀಸಾದಲ್ಲಿ ಕೆಲವು ತಿಂಗಳು ಮಕ್ಕಳ ಮನೆಗೆ ಬಂದಿರುವ ತಂದೆತಾಯಿಗಳಿಗೂ ಇದು ಅನ್ವಯಿಸದು.

ಮೇಲ್ಮನವಿಗೆ ಮುನ್ನ, ತೀರ್ಮಾನ ಹೇಗೆ ಆಯಿತು ಎಂಬುದನ್ನು ತಿಳಿದುಕೊಳ್ಳಬೇಕು. ಮೊದಲು ಚೆಕ್‌ಲಿಸ್ಟ್ ಎಂಬ ಪ್ರಾಥಮಿಕ ಪರೀಕ್ಷೆ ನಡೆಯುತ್ತದೆ. ಅದರಲ್ಲಿ ತೇರ್ಗಡೆಯಾದರೆ ಬೇರೆ ಬೇರೆ ವೃತ್ತಿಗಳ ಕನಿಷ್ಠ ಇಬ್ಬರಿರುವ ತಂಡವೊಂದು, ಸಾಮಾನ್ಯವಾಗಿ ಒಬ್ಬ ನರ್ಸ್ ಮತ್ತು ಒಬ್ಬ ಸೋಷಿಯಲ್ ವರ್ಕರ್, ಬಂದು ಪೂರ್ಣ ಮೌಲ್ಯಮಾಪನ ಮಾಡುತ್ತದೆ. ಅವರು ತುಂಬುವ ಉದ್ದನೆಯ ಕಡತದ ಹೆಸರು ಡಿಸಿಷನ್ ಸಪೋರ್ಟ್ ಟೂಲ್. ಉಸಿರಾಟ, ಆಹಾರ, ಮಲಮೂತ್ರ ನಿಯಂತ್ರಣ, ಚರ್ಮದ ಸ್ಥಿತಿ, ಚಲನೆ, ಸಂವಹನ, ಮಾನಸಿಕ ಮತ್ತು ಭಾವನಾತ್ಮಕ ಸ್ಥಿತಿ, ಅರಿವು, ವರ್ತನೆ, ಔಷಧ, ಪ್ರಜ್ಞೆಯ ಏರುಪೇರು ಮತ್ತು ಇತರೆ ಎಂಬ 12 ವಿಭಾಗಗಳಲ್ಲಿ ಅಗತ್ಯದ ಮಟ್ಟವನ್ನು ಗುರುತಿಸುತ್ತಾರೆ. ಮಟ್ಟಗಳು ಲೋ, ಮಾಡರೇಟ್, ಹೈ, ಸಿವಿಯರ್ ಎಂದು ಏರುತ್ತವೆ. ಉಸಿರಾಟ, ವರ್ತನೆ, ಔಷಧ ಮತ್ತು ಪ್ರಜ್ಞೆ ಈ ನಾಲ್ಕರಲ್ಲಿ ಮಾತ್ರ ಎಲ್ಲಕ್ಕಿಂತ ಮೇಲೆ ಪ್ರಯಾರಿಟಿ ಎಂಬ ಮಟ್ಟವಿದೆ. ಒಂದು ಪ್ರಯಾರಿಟಿ ಅಥವಾ ಎರಡು ಸಿವಿಯರ್ ಬಂದರೆ ಅರ್ಹತೆ ಸ್ಪಷ್ಟ. ಅಷ್ಟು ಬಾರದಿದ್ದರೆ ಅನರ್ಹರು ಎಂದು ಅರ್ಥವಲ್ಲ, ಮತ್ತು ಬಹುಪಾಲು ವಾದವಿವಾದ ನಡೆಯುವುದು ಇಲ್ಲಿಯೇ. ಅಗತ್ಯಗಳ ಸ್ವರೂಪ, ತೀವ್ರತೆ, ಸಂಕೀರ್ಣತೆ ಮತ್ತು ಮುಂಗಾಣಲಾಗದ ಗುಣ ಎಂಬ ನಾಲ್ಕು ಲಕ್ಷಣಗಳನ್ನು ಒಟ್ಟಾಗಿ ತೂಗಿ ನೋಡಬೇಕೆಂದು ಸಿಎಚ್‌ಸಿ ಕುರಿತ ಸರ್ಕಾರದ ಮಾರ್ಗಸೂಚಿಯಾದ ರಾಷ್ಟ್ರೀಯ ಚೌಕಟ್ಟು, ಅಂದರೆ ನ್ಯಾಷನಲ್ ಫ್ರೇಮ್‌ವರ್ಕ್, ಹೇಳುತ್ತದೆ. ತಂಡದ ಶಿಫಾರಸಿನ ಮೇಲೆ ಅಂತಿಮ ತೀರ್ಮಾನ ಕೊಡುವುದು ನಿಮ್ಮ ಪ್ರದೇಶದ ಇಂಟಿಗ್ರೇಟೆಡ್ ಕೇರ್ ಬೋರ್ಡ್, ಅಂದರೆ ಐಸಿಬಿ. ವಿಶೇಷ ಸಂದರ್ಭಗಳ ಹೊರತು ಐಸಿಬಿ ಆ ಶಿಫಾರಸನ್ನು ತಳ್ಳಿಹಾಕುವಂತಿಲ್ಲ.

ಗಮನಿಸಬೇಕಾದದ್ದೆಂದರೆ, ಈ ಕಡತದಲ್ಲಿ ಎಲ್ಲಿಯೂ ಕಾಯಿಲೆಯ ಹೆಸರಿಗೆ ಅಂಕವಿಲ್ಲ. ಅಮ್ಮನಿಗೆ ಡಿಮೆನ್ಷಿಯಾ ಇದೆ, ಅಪ್ಪನಿಗೆ ಪಾರ್ಶ್ವವಾಯು ಆಗಿದೆ, ಪಾರ್ಕಿನ್ಸನ್ ಕಾಯಿಲೆ ಕೊನೆಯ ಹಂತದಲ್ಲಿದೆ ಎಂದು ಎಷ್ಟು ಪುಟ ಬರೆದರೂ ಮೇಲ್ಮನವಿ ಒಂದು ಹೆಜ್ಜೆಯೂ ಮುಂದೆ ಹೋಗದು. ಆ ಕಾಯಿಲೆಯಿಂದ ದಿನದ 24 ಗಂಟೆಗಳಲ್ಲಿ ಏನೇನು ಮಾಡಬೇಕಾಗಿದೆ, ಎಷ್ಟು ಸಲ, ಎಷ್ಟು ಹೊತ್ತು, ಯಾವ ಕೌಶಲದಿಂದ, ಮಾಡದಿದ್ದರೆ ಏನಾಗುತ್ತದೆ, ಇವಿಷ್ಟೇ ಮುಖ್ಯ.

ಆಹಾರದ ವಿಭಾಗವನ್ನೇ ನೋಡಿ. ಊಟ ಮಾಡಿಸಬೇಕಾಗುತ್ತದೆ ಎಂದಷ್ಟೇ ಇದ್ದರೆ ಅದು ಲೋ. ಸಾಕಷ್ಟು ಆಹಾರ ಹೊಟ್ಟೆಗೆ ಸೇರಲು ಅರ್ಧ ಗಂಟೆ ಅಥವಾ ಹೆಚ್ಚು ಹೊತ್ತು ತಿನ್ನಿಸಬೇಕಾದರೆ ಅದು ಮಾಡರೇಟ್. ನುಂಗುವ ತೊಂದರೆಯಿಂದ ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯವಿದ್ದು, ಅದನ್ನು ತಡೆಯಲು ನುರಿತವರ ಕೈ ಬೇಕಾದರೆ ಅದು ಹೈ. ಈಗ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೆನೆಯಿರಿ. ಸೊಸೆಯೋ ಮಗಳೋ ಮೊಸರನ್ನವನ್ನು ನುಣ್ಣಗೆ ಕಿವುಚಿ, ಒಂದೊಂದೇ ಚಮಚ ಬಾಯಿಗಿಟ್ಟು, ಗಂಟಲು ಆಡುವುದನ್ನು ಕಾದು, ಕೆಮ್ಮು ಬಂದರೆ ಮುಂದಕ್ಕೆ ಬಾಗಿಸಿ, ಬೆನ್ನು ತಟ್ಟಿ, ಮತ್ತೆ ಶುರು ಮಾಡಿ ಮುಕ್ಕಾಲು ಗಂಟೆಯಲ್ಲಿ ಊಟ ಮುಗಿಸುತ್ತಾರೆ. ಮೌಲ್ಯಮಾಪನಕ್ಕೆ ಬಂದ ನರ್ಸ್ ‘ಊಟ ಹೇಗೆ ಮಾಡುತ್ತಾರೆ’ ಎಂದು ಕೇಳಿದಾಗ ಅದೇ ಸೊಸೆ, ಅತ್ತೆಯ ಮರ್ಯಾದೆ ಕಾಯಬೇಕೆಂಬ ಒಳ್ಳೆಯ ಮನಸ್ಸಿನಿಂದ, ‘ಚೆನ್ನಾಗಿಯೇ ತಿನ್ನುತ್ತಾರೆ, ಏನೂ ತೊಂದರೆಯಿಲ್ಲ’ ಎನ್ನುತ್ತಾಳೆ. ಕೇರ್ ಹೋಮ್‌ನ ದಿನಚರಿಯಲ್ಲೂ ‘ಚೆನ್ನಾಗಿ ಊಟ ಮಾಡಿದರು’ ಎಂಬ ಒಂದೇ ಸಾಲು ಇರುತ್ತದೆ. ಕಡತದಲ್ಲಿ ಲೋ ಎಂದು ನಮೂದಾಗಲು ಇಷ್ಟು ಸಾಕು.

ಇಲ್ಲಿ ನಿಮ್ಮ ನೆರವಿಗೆ ಬರುವ ತತ್ವವೊಂದು ನ್ಯಾಷನಲ್ ಫ್ರೇಮ್‌ವರ್ಕ್‌ನಲ್ಲೇ ಇದೆ: ಚೆನ್ನಾಗಿ ನಿಭಾಯಿಸಲಾಗುತ್ತಿರುವ ಅಗತ್ಯವೂ ಅಗತ್ಯವೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿರುವುದರಿಂದ ಬೆನ್ನಿನಲ್ಲಿ ಹುಣ್ಣು ಆಗಿಲ್ಲ ಎಂದಾದರೆ, ಹುಣ್ಣು ಇಲ್ಲ ಎಂಬ ಕಾರಣಕ್ಕೆ ಮಟ್ಟ ಇಳಿಸುವಂತಿಲ್ಲ. ಆರೈಕೆಯಿಂದಾಗಿ ಆ ಅಗತ್ಯ ಕಾಯಂ ಆಗಿ ತಗ್ಗಿದ್ದರೆ ಅಥವಾ ಇಲ್ಲವಾಗಿದ್ದರೆ ಮಾತ್ರ ಹಾಗೆ ಮಾಡಬಹುದು. ಇನ್ನೊಂದು ಸೂಚನೆಯೂ ಅಷ್ಟೇ ಮುಖ್ಯ: ಎರಡು ಮಟ್ಟಗಳ ನಡುವೆ ನಿರ್ಧರಿಸುವುದು ಕಷ್ಟವಾದಲ್ಲಿ ಮೇಲಿನ ಮಟ್ಟವನ್ನೇ ಆರಿಸಬೇಕೆಂದು ಡಿಸಿಷನ್ ಸಪೋರ್ಟ್ ಟೂಲ್ ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಮೇಲ್ಮನವಿಯ ಬೆನ್ನೆಲುಬು ಈ ಎರಡು ಮಾತುಗಳೇ.

ಭಾಷೆಯ ವಿಷಯವನ್ನು ನಾವು ಇನ್ನಷ್ಟು ಎಚ್ಚರದಿಂದ ನೋಡಬೇಕು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಬಂದು ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿದ ತಲೆಮಾರಿಗೆ ಈಗ ವಯಸ್ಸಾಗಿದೆ. ನಲವತ್ತು ವರ್ಷ ಇಂಗ್ಲಿಷಿನಲ್ಲೇ ವ್ಯವಹರಿಸಿದವರೂ ಡಿಮೆನ್ಷಿಯಾ ಮುಂದುವರಿದಂತೆ ಕಲಿತ ಭಾಷೆಯನ್ನು ಕಳೆದುಕೊಂಡು ಕನ್ನಡಕ್ಕೆ ಮರಳಬಹುದು. ಅಂಥವರನ್ನು ಇಂಗ್ಲಿಷಿನಲ್ಲಿ ಪ್ರಶ್ನಿಸಿದಾಗ ಎರಡು ಬಗೆಯ ತಪ್ಪಾಗುತ್ತದೆ. ನಸುನಕ್ಕು ‘ಯಸ್, ಯಸ್’ ಎಂದುದನ್ನು ಅರ್ಥವಾಗಿದೆ ಎಂದು ಬರೆದುಕೊಳ್ಳುತ್ತಾರೆ. ಅಥವಾ ಉತ್ತರ ಬಾರದಿರುವುದಕ್ಕೆ ಭಾಷೆಯೇ ಕಾರಣ, ಕಾಯಿಲೆಯಲ್ಲ ಎಂದು ಸಂವಹನದ ಮಟ್ಟವನ್ನು ಕಡಿಮೆ ಮಾಡುತ್ತಾರೆ. ನೋವು ಎಲ್ಲಿದೆ ಎಂದು ಕನ್ನಡದಲ್ಲಿ ಕೇಳಿದರೂ ಹೇಳಲಾಗದು ಎಂಬುದನ್ನು ನೀವು ಉದಾಹರಣೆಸಹಿತ ಬರೆದುಕೊಡಬೇಕು. ಕನ್ನಡ ದುಭಾಷಿಯನ್ನು ಒದಗಿಸಿರೆಂದು ಸಭೆಗೆ ಸಾಕಷ್ಟು ಮೊದಲೇ ಲಿಖಿತವಾಗಿ ಕೇಳಿ. ಇದಕ್ಕೆ ನೀವು ಹಣ ಕೊಡಬೇಕಿಲ್ಲ. ಮೊದಲ ಮೌಲ್ಯಮಾಪನ ದುಭಾಷಿಯಿಲ್ಲದೆ ನಡೆದಿದ್ದರೆ ಅದನ್ನೇ ಮೇಲ್ಮನವಿಯ ಒಂದು ಕಾರಣವಾಗಿ ಎತ್ತಬಹುದು.

ಇನ್ನು ಮೇಲ್ಮನವಿಯ ಹಂತಗಳು. ತೀರ್ಮಾನದ ಪತ್ರ ಬಂದ ದಿನಾಂಕದಿಂದ 6 ತಿಂಗಳೊಳಗೆ ಐಸಿಬಿಗೆ ಬರೆದು ಸ್ಥಳೀಯ ಪುನರ್‌ಪರಿಶೀಲನೆ ಕೇಳಬೇಕು. ಮೊದಲ ಪತ್ರದಲ್ಲೇ ಎಲ್ಲ ವಾದ ಮುಗಿಸಬೇಕಿಲ್ಲ. ತೀರ್ಮಾನವನ್ನು ಒಪ್ಪುವುದಿಲ್ಲ, ಪುನರ್‌ಪರಿಶೀಲನೆ ಬೇಕು, ವಿವರವಾದ ಕಾರಣಗಳನ್ನು ದಾಖಲೆ ಕೈಸೇರಿದ ಮೇಲೆ ಕಳುಹಿಸುತ್ತೇನೆ ಎಂದು ಬರೆದು ಗಡುವನ್ನು ಉಳಿಸಿಕೊಳ್ಳಿ. ಜೊತೆಗೇ ತುಂಬಿದ ಡಿಸಿಷನ್ ಸಪೋರ್ಟ್ ಟೂಲ್‌ನ ಪೂರ್ತಿ ಪ್ರತಿ ಕೇಳಿ. ಜಿಪಿ, ಆಸ್ಪತ್ರೆ ಮತ್ತು ಕೇರ್ ಹೋಮ್‌ನ ದಾಖಲೆಗಳನ್ನು ಸಬ್ಜೆಕ್ಟ್ ಆ್ಯಕ್ಸೆಸ್ ರಿಕ್ವೆಸ್ಟ್ ಮೂಲಕ ಪಡೆಯಬಹುದು; ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉಚಿತವಾಗಿ ಕೊಡಬೇಕೆಂಬುದು ಕಾನೂನು. ತಂದೆತಾಯಿಯ ಪರವಾಗಿ ಕೇಳುವಾಗ ಮಗ ಅಥವಾ ಮಗಳು ಎಂಬ ಸಂಬಂಧವೊಂದೇ ಸಾಲದು. ಅವರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವ ಶಕ್ತಿ ಅವರಿಗಿಲ್ಲದಿದ್ದರೆ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ, ಅಂದರೆ ಅವರ ಪರವಾಗಿ ತೀರ್ಮಾನಿಸಲು ಅವರೇ ಬರೆದುಕೊಟ್ಟ ಅಧಿಕಾರಪತ್ರ, ಇರುವುದು ಬಹಳ ಅನುಕೂಲ. ಇದನ್ನು ಬುದ್ಧಿ ಸ್ವಾಧೀನದಲ್ಲಿರುವಾಗಲೇ ಮಾಡಿಸಬೇಕಾದ್ದರಿಂದ, ಈಗ ಆರೋಗ್ಯವಾಗಿರುವ ಹಿರಿಯರ ಮನೆಗಳಲ್ಲೂ ಈ ಮಾತನ್ನು ತಡಮಾಡದೆ ಎತ್ತಬೇಕು.

ದಾಖಲೆ ಬಂದ ಮೇಲೆ ಮಾಡುವ ಕೆಲಸಕ್ಕೆ ತಾಳ್ಮೆ ಬೇಕು. ಹನ್ನೆರಡೂ ವಿಭಾಗಗಳನ್ನು ಒಂದೊಂದಾಗಿ ತೆಗೆದುಕೊಂಡು, ಅವರು ಕೊಟ್ಟ ಮಟ್ಟ ಯಾವುದು, ನಿಮ್ಮ ಪ್ರಕಾರ ಸರಿಯಾದದ್ದು ಯಾವುದು, ಅದಕ್ಕೆ ಆಧಾರ ಯಾವ ತಾರೀಖಿನ ಯಾವ ದಾಖಲೆಯಲ್ಲಿದೆ ಎಂದು ಬರೆಯಿರಿ. ಒಪ್ಪಬಹುದಾದ ಮಟ್ಟಗಳನ್ನು ಒಪ್ಪಿಬಿಡಿ. ಎಲ್ಲದಕ್ಕೂ ಸಿವಿಯರ್ ಕೇಳಿದರೆ ನಿಜವಾದ ಸಿವಿಯರ್‌ಗೂ ಬೆಲೆ ಹೋಗುತ್ತದೆ. ಕೊನೆಗೆ ವಿಭಾಗಗಳು ಒಂದರೊಡನೊಂದು ಹೇಗೆ ತೊಡಕಾಗುತ್ತವೆ ಎಂದು ವಿವರಿಸಿ. ಅರಿವು ಕುಂದಿದ ಕಾರಣ ಮಾತ್ರೆ ನುಂಗಲು ಒಪ್ಪದೆ ಉಗುಳುತ್ತಾರೆ, ಮಾತ್ರೆ ಒಳಹೋಗದಿದ್ದರೆ ಫಿಟ್ಸ್ ಬರುತ್ತದೆ, ಬಲವಂತ ಮಾಡಿದರೆ ಹೊಡೆಯಲು ಬರುತ್ತಾರೆ ಎಂಬಂಥ ಸರಪಳಿಯೇ ಸಂಕೀರ್ಣತೆಗೆ ಸಾಕ್ಷಿ. ಕೇರ್ ಹೋಮ್‌ನ ದಿನಚರಿ ಬಡವಾಗಿದ್ದರೆ ಎರಡು ಮೂರು ವಾರ ನೀವೇ ದಿನಾಂಕ, ಗಂಟೆ ಹಾಕಿ ಡೈರಿ ಬರೆದಿಡಿ.

ಐಸಿಬಿ ಸಾಮಾನ್ಯವಾಗಿ ಮೊದಲು ಅನೌಪಚಾರಿಕವಾಗಿ ಮಾತಾಡಿ, ಒಪ್ಪಿಗೆಯಾಗದಿದ್ದರೆ ಔಪಚಾರಿಕ ಸಭೆ ಕರೆಯುತ್ತದೆ. ಆಗಲೂ ನಿರಾಕರಿಸಿದರೆ, ಆ ಪತ್ರದ ದಿನಾಂಕದಿಂದ ಮತ್ತೆ 6 ತಿಂಗಳೊಳಗೆ ಎನ್‌ಎಚ್‌ಎಸ್ ಇಂಗ್ಲೆಂಡ್‌ಗೆ ಬರೆದು ಸ್ವತಂತ್ರ ಪರಿಶೀಲನೆ ಕೇಳಬಹುದು. ಅದರ ಸಮಿತಿಯಲ್ಲಿ ಒಬ್ಬ ಸ್ವತಂತ್ರ ಅಧ್ಯಕ್ಷರೂ, ನಿಮ್ಮ ಪ್ರಕರಣಕ್ಕೆ ಸಂಬಂಧವಿಲ್ಲದ ಐಸಿಬಿ ಮತ್ತು ಕೌನ್ಸಿಲ್‌ಗಳ ಪ್ರತಿನಿಧಿಗಳೂ ಇರುತ್ತಾರೆ. ಇದು ಕೋರ್ಟ್ ಅಲ್ಲ, ವಕೀಲರೂ ಬೇಕಿಲ್ಲ. ಮೌಲ್ಯಮಾಪನ ನಡೆದ ಕಾಲದಲ್ಲಿ ಅಗತ್ಯಗಳು ಹೇಗಿದ್ದವು, ನಿಯಮದಂತೆ ತೀರ್ಮಾನವಾಯಿತೇ ಎಂಬುದನ್ನು ಸಮಿತಿ ನೋಡುತ್ತದೆ. ಅದರ ಬಳಿಕವೂ ಸಮಾಧಾನವಾಗದಿದ್ದರೆ ಪಾರ್ಲಿಮೆಂಟರಿ ಆ್ಯಂಡ್ ಹೆಲ್ತ್ ಸರ್ವಿಸ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಚೆಕ್‌ಲಿಸ್ಟ್ ಹಂತದಲ್ಲೇ ತಿರಸ್ಕೃತವಾದವರಿಗೆ ಸ್ವತಂತ್ರ ಪರಿಶೀಲನೆಯ ಈ ದಾರಿ ಇಲ್ಲ. ಅವರು ಐಸಿಬಿಗೆ ಮರುಪರಿಶೀಲನೆ ಕೇಳಿ, ಬಳಿಕ ಎನ್‌ಎಚ್‌ಎಸ್ ದೂರು ವ್ಯವಸ್ಥೆಗೆ ಹೋಗಬೇಕು.

ಸಭೆಗಳಲ್ಲಿ ಕಾಫ್ಲನ್ ತೀರ್ಪು ಎಂಬ ಮಾತು ಕಿವಿಗೆ ಬೀಳುತ್ತದೆ. ಎಕ್ಸಿಟರ್‌ನ ಪಮೇಲಾ ಕಾಫ್ಲನ್ 1971ರ ರಸ್ತೆ ಅಪಘಾತದಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡವರು. 1999ರಲ್ಲಿ ಕೋರ್ಟ್ ಆಫ್ ಅಪೀಲ್ ಅವರ ಪರವಾಗಿ ತೀರ್ಪು ಕೊಡುತ್ತಾ, ವಸತಿ ಒದಗಿಸುವುದರ ಜೊತೆಗೆ ಪ್ರಾಸಂಗಿಕವಾಗಿ ಬರುವಷ್ಟು ಮತ್ತು ಸಮಾಜಸೇವಾ ಇಲಾಖೆಯಿಂದ ನಿರೀಕ್ಷಿಸಬಹುದಾದ ಬಗೆಯ ಶುಶ್ರೂಷೆಯನ್ನು ಮಾತ್ರ ಕೌನ್ಸಿಲ್ ಕೊಡಬಹುದು, ಅದನ್ನು ಮೀರಿದ್ದು ಎನ್‌ಎಚ್‌ಎಸ್‌ನ ಹೊಣೆ ಎಂದಿತು. ನಿಮ್ಮ ತಂದೆ ಅಥವಾ ತಾಯಿಯ ಅಗತ್ಯ ಈ ಮಿತಿಯನ್ನು ಮೀರಿದೆ ಎಂದು ಪತ್ರದಲ್ಲಿ ನೇರವಾಗಿ ಹೇಳಿ.

ಎನ್‌ಎಚ್‌ಎಸ್‌ನಲ್ಲೇ ದುಡಿದ ಕುಟುಂಬಗಳಿಗೆ ಅದರ ವಿರುದ್ಧ ಬರೆಯಲು ಸಂಕೋಚವಾಗುವುದುಂಟು. ಮೇಲ್ಮನವಿ ಆ ವ್ಯವಸ್ಥೆಯೇ ನೀಡಿರುವ ಹಕ್ಕು. ಕೇಳಿದವರ ಚಿಕಿತ್ಸೆಗೆ ಅದರಿಂದ ಯಾವ ಬಾಧಕವೂ ಆಗಬಾರದು. ಬೀಕನ್ ಎಂಬ ಸಂಸ್ಥೆ ಎನ್‌ಎಚ್‌ಎಸ್ ಇಂಗ್ಲೆಂಡ್‌ನ ಧನಸಹಾಯದಿಂದ 90 ನಿಮಿಷಗಳವರೆಗೆ ಉಚಿತ ಸಲಹೆ ನೀಡುತ್ತದೆ. ಗೆದ್ದ ಹಣದಲ್ಲಿ ಪಾಲು ಕೇಳುವ ಏಜೆನ್ಸಿಗಳ ಬಳಿ ಹೋಗುವ ಮೊದಲು ಅಲ್ಲಿಗೆ ಫೋನ್ ಮಾಡಿ.

ಮೇಲ್ಮನವಿ ನಡೆಯುತ್ತಿರುವಾಗ ಆರೋಗ್ಯ ಇನ್ನಷ್ಟು ಕೆಟ್ಟರೆ ಅದರ ಫಲಿತಾಂಶಕ್ಕಾಗಿ ಕಾಯಬೇಡಿ. ಹಳೆಯ ಅವಧಿಯ ವಿವಾದ ಒಂದು ಕಡೆ ನಡೆಯುತ್ತಿರಲಿ, ಇನ್ನೊಂದು ಕಡೆ ಹೊಸ ಮೌಲ್ಯಮಾಪನ ಕೇಳಿ. ಆರೋಗ್ಯ ವೇಗವಾಗಿ ಕುಸಿಯುತ್ತಿದ್ದು ಕೊನೆಯ ಹಂತ ಸಮೀಪಿಸಿರಬಹುದಾದರೆ ಫಾಸ್ಟ್ ಟ್ರ್ಯಾಕ್, ಅಂದರೆ ಪೂರ್ಣ ಮೌಲ್ಯಮಾಪನಕ್ಕೆ ಕಾಯದೆ ಬೇಗ ಸಿಎಚ್‌ಸಿ ಪಡೆಯುವ ದಾರಿ, ಇದರ ಬಗ್ಗೆ ಜಿಪಿ ಅಥವಾ ಆಸ್ಪತ್ರೆಯ ವೈದ್ಯರನ್ನು ಕೇಳಿ. ಈ ನಡುವೆ ಕೇರ್ ಹೋಮ್‌ಗೆ ಕಟ್ಟಿದ ಪ್ರತಿಯೊಂದು ಬಿಲ್ಲನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಜೋಪಾನವಾಗಿಡಿ, ಏಕೆಂದರೆ ಮೇಲ್ಮನವಿ ಗೆದ್ದರೆ ಆ ಅವಧಿಯಲ್ಲಿ ನೀವು ಕೊಟ್ಟ ಆರೈಕೆಯ ಶುಲ್ಕವನ್ನು ಐಸಿಬಿ ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ. ಅಷ್ಟರಲ್ಲಿ ಹಿರಿಯರು ತೀರಿಕೊಂಡರೂ ಅವರ ಉಯಿಲಿನ ನಿರ್ವಾಹಕರು ಪ್ರಕರಣವನ್ನು ಮುಂದುವರಿಸಬಹುದು.